ಹಳೆಯ ಕಾರಿನ ಸಸ್ಪೆನ್ಷನ್: ಸವೆದ ಭಾಗ ಯಾವುದೆಂದು ಹುಡುಕಿ, ಬದಲಿಸುವುದು ಹೇಗೆ

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಕಾರಿನ ಮುಂಭಾಗದ ಎಡಗಡೆಯಿಂದ ‘ಟಕ್ ಟಕ್’ ಎಂಬ ಸದ್ದು ಶುರುವಾಯಿತು. ಶಾಕ್ ಅಬ್ಸಾರ್ಬರ್ ಕೈಕೊಟ್ಟಿದೆ ಎಂದು ಯಾವ ಪರೀಕ್ಷೆಯನ್ನೂ ಮಾಡದೆ ನಾನೇ ತೀರ್ಪು ಕೊಟ್ಟೆ. ಹೊಸ ಜೋಡಿಯನ್ನು ತಂದು, ಒಂದು ಇಡೀ ಭಾನುವಾರ ಕಾರಿನ ಪಕ್ಕದಲ್ಲಿ ಮಂಡಿಯೂರಿ ಕಳೆದು, ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಸಂಜೆ ರಸ್ತೆಗೆ ಇಳಿದರೆ ಮೊದಲ ಗುಂಡಿಯಲ್ಲೇ ಅದೇ ‘ಟಕ್’. ಹಾಳಾಗಿದ್ದದ್ದು ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡ್. ಗೇಣುದ್ದದ ಒಂದು ಕಡ್ಡಿ, ಎರಡು ನಟ್, ಅರ್ಧ ಗಂಟೆಯ ಕೆಲಸ. ತೆಗೆದುಹಾಕಿದ ಶಾಕ್ ಅಬ್ಸಾರ್ಬರುಗಳು ಇನ್ನೂ ಒಂದೆರಡು ವರ್ಷ ಬಾಳುವಂತಿದ್ದವು.

ಆದ್ದರಿಂದ ಈ ಲೇಖನದ ಅರ್ಧಕ್ಕಿಂತ ಹೆಚ್ಚು ಭಾಗ ಸ್ಪ್ಯಾನರ್ ಹಿಡಿಯುವ ಮೊದಲಿನ ಕೆಲಸದ ಬಗ್ಗೆಯೇ ಇದೆ. ಬದಲಿಸುವುದು ತೋಳ್ಬಲದ ಮಾತು. ಯಾವುದನ್ನು ಬದಲಿಸಬೇಕೆಂದು ಕಂಡುಕೊಳ್ಳುವುದರಲ್ಲೇ ಬುದ್ಧಿ ಖರ್ಚಾಗುವುದು.

ಯಾವ ಭಾಗಕ್ಕೆ ಯಾವ ಕೆಲಸ

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಗುಂಡಿ ದಾಟಿದ ಮೇಲೆ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ತಡೆಯುವುದಷ್ಟೇ ಅದರ ಕೆಲಸ. ಒಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾದುಹೋಗುವಾಗ ಆ ಕುಣಿತ ಬಿಸಿಯಾಗಿ ಮಾರ್ಪಟ್ಟು ಕರಗಿಹೋಗುತ್ತದೆ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಸಾಕು, ‘ಕಾರು ಒಂದು ಕಡೆ ಕುಸಿದಿದೆ, ಶಾಕ್ ಬದಲಿಸಿ’ ಎಂಬ ಸಲಹೆಯನ್ನು ನಗುತ್ತಾ ತಳ್ಳಿಹಾಕಬಹುದು. ಕುಸಿದಿದ್ದರೆ ಅದು ಸ್ಪ್ರಿಂಗಿನ ತಪ್ಪು.

ಚಕ್ರವನ್ನು ಚಾಸಿಗೆ ಜೋಡಿಸುವುದು ಲೋವರ್ ಆರ್ಮ್. ಅದರ ಒಳತುದಿಯಲ್ಲಿ ರಬ್ಬರಿನ ಬುಶ್‌ಗಳಿರುತ್ತವೆ, ಹೊರತುದಿಯಲ್ಲಿ ಬಾಲ್ ಜಾಯಿಂಟ್. ಬುಶ್ ತಿರುಚಿಕೊಂಡು ಆರ್ಮ್ ಮೇಲೆ ಕೆಳಗೆ ಆಡಲು ಬಿಡುತ್ತದೆ. ಬಾಲ್ ಜಾಯಿಂಟ್ ಚಕ್ರ ಎಡಕ್ಕೂ ಬಲಕ್ಕೂ ತಿರುಗಲು ಬಿಡುತ್ತದೆ. ಎಡ ಬಲ ಚಕ್ರಗಳನ್ನು ಬೆಸೆಯುವ ಬಾಗಿದ ಸರಳೇ ಸ್ಟೆಬಿಲೈಸರ್ ಬಾರ್. ತಿರುವುಗಳಲ್ಲಿ ಕಾರು ಹೆಚ್ಚು ವಾಲದಂತೆ ಅದು ನೋಡಿಕೊಳ್ಳುತ್ತದೆ. ಅದರ ಎರಡು ತುದಿಗಳಲ್ಲಿ ಇರುವುದೇ ನನ್ನನ್ನು ಏಮಾರಿಸಿದ ಲಿಂಕ್ ರಾಡ್.

ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇದರಲ್ಲಿ ಶಾಕ್ ಅಬ್ಸಾರ್ಬರೂ ಸ್ಪ್ರಿಂಗೂ ಒಂದೇ ಕಂಬವಾಗಿ ಸೇರಿಕೊಂಡಿರುತ್ತವೆ, ಮೇಲಿನ ಆರ್ಮ್ ಇರುವುದೇ ಇಲ್ಲ. ಕಂಬದ ತಲೆ ಒಂದು ರಬ್ಬರ್ ಮೌಂಟ್ ಮತ್ತು ಬೇರಿಂಗ್ ಮೂಲಕ ಬಾನೆಟ್ಟಿನ ಕೆಳಗಿನ ತಗಡಿಗೆ ಕಚ್ಚಿಕೊಂಡಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಇಡೀ ಕಂಬ ಆ ಬೇರಿಂಗಿನ ಮೇಲೆ ತಿರುಗುತ್ತದೆ.

ಮೊದಲು ಕಿವಿ, ಆದರೆ ಪೂರ್ತಿ ನಂಬಬೇಡಿ

ಕಾರಿನ ಒಡಲು ಒಂದು ದೊಡ್ಡ ತಗಡಿನ ಡಬ್ಬಿ. ಬಲಗಡೆ ಹುಟ್ಟಿದ ಸದ್ದು ಎಡಗಡೆ ಕೇಳಿಸುವುದು, ಹಿಂದಿನದು ಮುಂದೆ ಕೇಳಿಸುವುದು ಅಪರೂಪವೇನಲ್ಲ. ಹಾಗಾಗಿ ಸದ್ದು ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ, ಅದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ಗಾಜು ಇಳಿಸಿ, ಸಂಗೀತ ನಿಲ್ಲಿಸಿ, ಪರಿಚಿತ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಡಿಕ್ಕಿಯಲ್ಲಿರುವ ಜಾಕ್, ಸ್ಪ್ಯಾನರ್, ನೀರಿನ ಬಾಟಲಿಗಳನ್ನು ಮೊದಲೇ ತೆಗೆದಿಡಿ. ಡಿಕ್ಕಿಯಲ್ಲಿ ಸಡಿಲವಾಗಿ ಬಿದ್ದಿದ್ದ ಜಾಕಿಗಾಗಿ ಹಿಂದಿನ ಸಸ್ಪೆನ್ಷನ್ ಬಿಚ್ಚಿದವರನ್ನು ನಾನು ಬಲ್ಲೆ.

ಒರಟು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ, ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಸಡಿಲವಾದ ಟಕಟಕ ಬಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲಿರಲಿ. ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ರಸ್ತೆಯುಬ್ಬನ್ನು ಒಮ್ಮೆ ಎರಡೂ ಚಕ್ರಗಳು ಒಟ್ಟಿಗೆ ಹತ್ತುವಂತೆ ನೇರವಾಗಿ ದಾಟಿ, ಇನ್ನೊಮ್ಮೆ ಒಂದೊಂದೇ ಚಕ್ರ ಹತ್ತುವಂತೆ ಓರೆಯಾಗಿ ದಾಟಿ. ಎರಡೂ ಚಕ್ರಗಳು ಒಟ್ಟಿಗೆ ಏರಿದಾಗ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದಿಲ್ಲ, ಅದರ ಲಿಂಕುಗಳ ಮೇಲೆ ಹೆಚ್ಚು ಎಳೆತವೂ ಬೀಳುವುದಿಲ್ಲ. ನೇರವಾಗಿ ದಾಟಿದಾಗ ಮೌನ, ಓರೆಯಾಗಿ ದಾಟಿದಾಗ ಟಕಟಕ ಎಂದಾದರೆ ತಪ್ಪು ಬಹುಮಟ್ಟಿಗೆ ಲಿಂಕಿನದು ಇಲ್ಲವೇ ಬಾರಿನ ಬುಶ್‌ನದು. ಆ ಭಾನುವಾರ ಈ ಒಂದು ಪರೀಕ್ಷೆ ಮಾಡಿದ್ದರೆ ನನ್ನ ಬೆನ್ನು ಉಳಿಯುತ್ತಿತ್ತು.

ಬ್ರೇಕ್ ಒತ್ತಿದ ಕ್ಷಣದಲ್ಲಿ ಒಂದೇ ಒಂದು ದಪ್ಪ ‘ದಡ್’, ಹಿಂದಕ್ಕೆ ತೆಗೆದು ಬ್ರೇಕ್ ಒತ್ತಿದಾಗ ಮತ್ತೊಂದು: ಇದು ಲೋವರ್ ಆರ್ಮಿನ ಬುಶ್, ಅದರಲ್ಲೂ ಹಿಂಬದಿಯ ದೊಡ್ಡ ಬುಶ್ ಹರಿದಿರುವುದರ ಲಕ್ಷಣ. ಆರ್ಮ್ ಇಡಿಯಾಗಿ ಹಿಂದೆ ಮುಂದೆ ಜಾರಿ ಬಡಿಯುತ್ತಿರುತ್ತದೆ. ಇದರ ಜೊತೆಗೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆದರೆ ಅನುಮಾನ ಇನ್ನಷ್ಟು ಗಟ್ಟಿ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ‘ಟಂಯ್’ ಎಂದು ತಂತಿ ಮೀಟಿದಂತೆ ಕೇಳಿಸಿದರೆ ಸ್ಟ್ರಟ್ಟಿನ ತಲೆಯ ಬೇರಿಂಗ್ ಬಿಗಿದುಕೊಂಡಿದೆ. ಸ್ಪ್ರಿಂಗ್ ತಿರುಗಲಾರದೆ ತಿರುಚಿಕೊಂಡು, ಒಮ್ಮೆಲೇ ಬಿಡಿಸಿಕೊಳ್ಳುವ ಸದ್ದು ಅದು. ಇನ್ನೊಬ್ಬರು ಸ್ಟೀರಿಂಗನ್ನು ನಿಧಾನವಾಗಿ ತಿರುಗಿಸುತ್ತಿರುವಾಗ ಸ್ಪ್ರಿಂಗಿನ ಹೊರಮೈಗೆ ಬೆರಳ ತುದಿ ತಾಗಿಸಿ ಹಿಡಿದರೆ ಆ ಜಿಗಿತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸುರುಳಿಗಳ ನಡುವೆ ಮಾತ್ರ ಬೆರಳು ಹಾಕಬೇಡಿ.

ಕಿರುಗುಟ್ಟುವ ಸದ್ದು ಒಣಗಿದ ರಬ್ಬರಿನದ್ದೋ ಗ್ರೀಸ್ ಆರಿದ ಬಾಲ್ ಜಾಯಿಂಟಿನದ್ದೋ ಆಗಿರಬಹುದು. ಒಂದೊಂದೇ ಬುಶ್‌ಗೆ ಸೋಪಿನ ನೀರು ಚಿಮುಕಿಸಿ ಕಾರನ್ನು ಅದುಮಿ ನೋಡಿ. ಯಾವುದನ್ನು ನೆನೆಸಿದಾಗ ಸದ್ದು ತಾತ್ಕಾಲಿಕವಾಗಿ ನಿಂತಿತೋ ಅದೇ ಅಪರಾಧಿ. ಎಂಜಿನ್ ಆಯಿಲನ್ನೋ ಡೀಸೆಲನ್ನೋ ರಬ್ಬರಿಗೆ ಹೊಡೆಯುವ ಹಳೆಯ ಅಭ್ಯಾಸ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಎರಡು ಸದ್ದುಗಳು ಸಸ್ಪೆನ್ಷನ್ನಿನವಲ್ಲ. ವೇಗ ಹೆಚ್ಚಿದಂತೆ ಏರುವ ‘ಗೂಂ’ ಎಂಬ ಮೊರೆತ ಚಕ್ರದ ಬೇರಿಂಗಿನದು ಇಲ್ಲವೇ ಟೈರಿನದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಲರೇಟರ್ ಒತ್ತಿದಾಗ ಬರುವ ‘ಕಟಕಟ’ ಡ್ರೈವ್ ಶಾಫ್ಟಿನ ಹೊರ ಜಾಯಿಂಟಿನದು.

ಕಣ್ಣಿಗೆ ಕಾಣುವುದು

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಅಳತೆ ಪಟ್ಟಿ ತೆಗೆದುಕೊಳ್ಳಿ. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಕಮಾನಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ಎಡಕ್ಕೂ ಬಲಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿದ್ದರೆ ಕಡಿಮೆ ಇರುವ ಕಡೆಯ ಸ್ಪ್ರಿಂಗನ್ನು ಟಾರ್ಚ್ ಹಿಡಿದು ನೋಡಿ. ಕಾಯಿಲ್ ಸ್ಪ್ರಿಂಗ್ ಹೆಚ್ಚಾಗಿ ಮುರಿಯುವುದು ತೀರಾ ಕೆಳಗಿನ ಸುರುಳಿಯಲ್ಲಿ. ನೀರೂ ಕೆಸರೂ ನಿಲ್ಲುವ ತಟ್ಟೆಯೊಳಗೆ ಆ ತುಂಡು ಅಡಗಿ ಕುಳಿತಿರುವುದರಿಂದ ಮುರಿದದ್ದೇ ಗೊತ್ತಾಗುವುದಿಲ್ಲ. ಬರೆದಿಟ್ಟ ಈ ಅಳತೆಗಳು ಕೆಲಸದ ಕೊನೆಯಲ್ಲಿ ಮತ್ತೆ ಬೇಕಾಗುತ್ತವೆ, ಚೀಟಿ ಕಳೆಯಬೇಡಿ.

ಟೈರುಗಳು ಸುಳ್ಳು ಹೇಳುವುದು ಕಡಿಮೆ. ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಸವರಿ. ಅಲ್ಲಲ್ಲಿ ಬಟ್ಟಲು ಕೊರೆದಂತೆ ತಗ್ಗುಗಳಿದ್ದರೆ ಚಕ್ರ ನೆಲ ಬಿಟ್ಟು ಪುಟಿಯುತ್ತಿದೆ ಎಂದರ್ಥ, ಅಂದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೂ ಹೀಗಾಗಬಹುದು. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರದ ಕೋನ ಕೆಟ್ಟಿದೆ. ಕುಸಿದ ಸ್ಪ್ರಿಂಗ್, ಹರಿದ ಬುಶ್, ಬಾಗಿದ ಆರ್ಮ್ ಯಾವುದೂ ಕಾರಣವಿರಬಹುದು. ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಚೂಪು ಎನಿಸಿದರೆ ಅಲೈನ್‌ಮೆಂಟ್ ತಪ್ಪಿದೆ. ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ಹೊರತುದಿಯ ಜಾಯಿಂಟ್, ಅಂದರೆ ಟೈ ರಾಡ್ ಎಂಡ್ ಸವೆದಿದೆಯೇ ಎಂದು ನೋಡದೆ ಅಲೈನ್‌ಮೆಂಟ್ ಮಾಡಿಸಿದರೆ ಅದು ತಿಂಗಳೂ ನಿಲ್ಲುವುದಿಲ್ಲ.

ಶಾಕ್ ಅಬ್ಸಾರ್ಬರಿನ ಮೈಮೇಲೆ ತೆಳುವಾದ ಎಣ್ಣೆಯ ಪಸೆ, ಅದರ ಮೇಲೆ ಧೂಳು ಇದ್ದರೆ ಗಾಬರಿ ಬೇಡ. ಸೀಲಿನಿಂದ ಅಷ್ಟು ಬೆವರುವುದು ಸಹಜ. ಎಣ್ಣೆ ಕೆಳಗಿನವರೆಗೆ ಹರಿದು ತೊಟ್ಟಿಕ್ಕುತ್ತಿದ್ದರೆ, ಒರೆಸಿದ ಕೆಲವೇ ದಿನಗಳಲ್ಲಿ ಮತ್ತೆ ಒದ್ದೆಯಾದರೆ, ಅದು ಮುಗಿದಿದೆ.

ಮೂಲೆಯನ್ನು ಅದುಮಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ನಾಲ್ಕೈದು ಸಲ ಕುಣಿದರೆ ಶಾಕ್ ಸತ್ತಿದೆ, ಸರಿ. ಒಂದೇ ಸಲಕ್ಕೆ ನಿಂತರೆ ಚೆನ್ನಾಗಿದೆ ಎಂದು ಹೇಳಲು ಮಾತ್ರ ಬರುವುದಿಲ್ಲ. ಕೈಯಿಂದ ಅದುಮುವ ವೇಗ ರಸ್ತೆಯ ಹೊಡೆತದ ವೇಗಕ್ಕೆ ಯಾವ ಲೆಕ್ಕಕ್ಕೂ ಅಲ್ಲ. ಅರ್ಧ ಸತ್ತ ಶಾಕ್ ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ. ವೇಗವಾಗಿ ಹೋಗುವಾಗ ರಸ್ತೆಯ ಅಲೆಗಳ ಮೇಲೆ ಕಾರು ದೋಣಿಯಂತೆ ತೇಲುತ್ತದೆಯೇ, ಬ್ರೇಕ್ ಹಾಕಿದಾಗ ಮೂತಿ ಬಹಳ ತಗ್ಗುತ್ತದೆಯೇ ಎಂಬುದು ಇದಕ್ಕಿಂತ ಒಳ್ಳೆಯ ಸಾಕ್ಷಿ.

ಕೊನೆಯ ಮಾತು ಕೈಯದು

ಕಾರು ಎತ್ತುವ ವಿಷಯದಲ್ಲಿ ನನ್ನದು ಹಟ. ಗಟ್ಟಿ ನೆಲ, ಎಳೆದ ಹ್ಯಾಂಡ್ ಬ್ರೇಕ್, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ತಡೆಗಲ್ಲು, ಜಾಕಿನಿಂದ ಎತ್ತಿದ ಕೂಡಲೇ ಆಕ್ಸಲ್ ಸ್ಟ್ಯಾಂಡ್. ಜಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆಯಲ್ಲ, ಕೈಯನ್ನೂ ಹಾಕಬೇಡಿ. ಇಟ್ಟಿಗೆ, ಟೊಳ್ಳು ಕಾಂಕ್ರೀಟ್ ಬ್ಲಾಕುಗಳನ್ನು ಆಸರೆಯಾಗಿ ಇಡಲೇಬೇಡಿ, ಅವು ಎಚ್ಚರಿಕೆ ಕೊಡದೆ ಪುಡಿಯಾಗುತ್ತವೆ.

ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೂ ಹೊರಗೂ ಅಲುಗಾಡಿಸಿ. ಅಲುಗಿದರೆ ಚಕ್ರದ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್. ಎರಡರಲ್ಲಿ ಯಾವುದೆಂದು ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ: ಅಲುಗಾಟ ನಿಂತರೆ ಬೇರಿಂಗಿನದು, ಮುಂದುವರಿದರೆ ಬಾಲ್ ಜಾಯಿಂಟಿನದು. ಇನ್ನು 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಇಲ್ಲಿ ಮಾತ್ರ ಸಡಿಲವೆನಿಸಿದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕಿನ ಒಳಜಾಯಿಂಟ್. ಹೊರಗಿನ ಎಂಡಿನ ಮೇಲೆ ಬೆರಳಿಟ್ಟುಕೊಂಡು ಅಲುಗಾಡಿಸಿದರೆ ಯಾವುದೆಂದು ಬೆರಳೇ ಹೇಳುತ್ತದೆ.

ಬಾಲ್ ಜಾಯಿಂಟ್ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಮರೆತವರೇ ಹೆಚ್ಚು. ಭಾರ ಹೊತ್ತಿರುವ ಜಾಯಿಂಟ್ ಎಷ್ಟೇ ಸವೆದಿದ್ದರೂ ಅಲುಗುವುದಿಲ್ಲ, ಭಾರವೇ ಅದನ್ನು ಬಿಗಿಯಾಗಿ ಒತ್ತಿಹಿಡಿದಿರುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಚಕ್ರವನ್ನು ತೂಗಲು ಬಿಟ್ಟರೆ ಸಾಕು. ಮೇಲೆ ಕೆಳಗೆ ಎರಡು ಆರ್ಮ್ ಇದ್ದು, ಸ್ಪ್ರಿಂಗ್ ಕೆಳಗಿನ ಆರ್ಮಿನ ಮೇಲೆ ಕುಳಿತಿರುವ ಕಾರಿನಲ್ಲಿ ಹಾಗೆ ತೂಗಲು ಬಿಟ್ಟರೆ ಸ್ಪ್ರಿಂಗ್ ಕೆಳಗಿನ ಜಾಯಿಂಟನ್ನು ಬಿಗಿದೇ ಇಡುತ್ತದೆ. ಅಲ್ಲಿ ಜಾಕನ್ನು ಕೆಳಗಿನ ಆರ್ಮಿನ ಅಡಿಗೇ ಕೊಟ್ಟು ಎತ್ತಬೇಕು. ಆಮೇಲೆ ಟೈರಿನ ಕೆಳಗೆ ಹಾರೆಕೋಲು ತೂರಿಸಿ ಮೇಲಕ್ಕೆ ಮೀಟಿದಾಗ ಜಾಯಿಂಟ್ ‘ಟಕ್’ ಎಂದರೆ ಬದಲಿಸುವ ಕಾಲ ಬಂದಿದೆ. ರಬ್ಬರ್ ಟೊಪ್ಪಿಗೆ ಹರಿದು ಗ್ರೀಸ್ ಹೊರಬಂದಿದ್ದರೆ ಇಂದು ಅಲುಗದಿದ್ದರೂ ಅದರ ದಿನಗಳು ಎಣಿಕೆಗೆ ಬಂದಿವೆ. ಒಳಗೆ ಹೋದ ಮಣ್ಣು ಮರಳು ಕಾಗದದ ಕೆಲಸ ಮಾಡುತ್ತದೆ.

ಬುಶ್‌ಗಳಿಗೆ ಸಣ್ಣ ಹಾರೆಕೋಲು ಬೇಕು. ಆರ್ಮ್ ಮತ್ತು ಚಾಸಿಯ ನಡುವೆ ಇಟ್ಟು ಮೆಲ್ಲನೆ ಮೀಟಿ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂತಹ ಬಿರುಕುಗಳು ವಯಸ್ಸಿನ ಸುಕ್ಕು ಮಾತ್ರ. ಮೀಟಿದಾಗ ಬಿರುಕು ಬಾಯಿ ತೆರೆದರೆ, ನಡುವಿನ ಕಬ್ಬಿಣದ ಕೊಳವೆ ರಬ್ಬರಿನಿಂದ ಬೇರ್ಪಟ್ಟು ಆಡಿದರೆ, ಬುಶ್ ಹೋಗಿದೆ. ರಬ್ಬರಿಗೆ ಅದರದೇ ಆದ ಬಾಗುವಿಕೆ ಇದೆ. ಎರಡು ಅಡಿ ಹಾರೆಕೋಲಿಗೆ ಇಡೀ ಮೈಭಾರ ಹಾಕಿ ಮೀಟಿದರೆ ಹೊಸ ಬುಶ್ ಕೂಡ ತಪ್ಪೊಪ್ಪಿಕೊಳ್ಳುತ್ತದೆ.

ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡಿನಲ್ಲಿ ಕಣ್ಣಿಗೆ ಕಾಣುವ ಅಲುಗಾಟ, ಮುರಿದು ಟೈರಿಗೆ ತಾಗುವಂತಿರುವ ಸ್ಪ್ರಿಂಗ್, ಇವುಗಳಲ್ಲಿ ಯಾವುದು ಕಂಡರೂ ಕಾರನ್ನು ಅಲ್ಲೇ ಬಿಡಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಬೀಳುತ್ತದೆ. ಉಳಿದ ಹೆಚ್ಚಿನ ಸವೆತಗಳಿಗೆ ಒಂದೆರಡು ವಾರ ಕಾಯುವ ತಾಳ್ಮೆ ಇರುತ್ತದೆ.

ಬಿಡಿಭಾಗ ತರುವ ಮುನ್ನ

ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗನ್ನು ಯಾವಾಗಲೂ ಒಂದೇ ಆಕ್ಸಲಿನ ಎರಡೂ ಬದಿಗೆ ಜೋಡಿಯಾಗಿ ಬದಲಿಸಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಎಂದಾದರೆ ಬ್ರೇಕ್ ಹಾಕಿದಾಗಲೂ ತಿರುವಿನಲ್ಲೂ ಎರಡು ಬದಿಗಳು ಬೇರೆ ಬೇರೆಯಾಗಿ ವರ್ತಿಸುತ್ತವೆ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳಿಗೆ ಈ ನಿಯಮವಿಲ್ಲ, ಹಾಳಾದದ್ದನ್ನು ಮಾತ್ರ ಬದಲಿಸಬಹುದು. ಲಿಂಕ್ ರಾಡನ್ನು ನಾನು ಜೋಡಿಯಾಗಿಯೇ ತರುತ್ತೇನೆ. ಒಂದು ಹೋದ ಮೇಲೆ ಇನ್ನೊಂದು ಹೆಚ್ಚು ದಿನ ಕಾಯುವುದಿಲ್ಲ.

ಲೋವರ್ ಆರ್ಮಿನ ಬುಶ್‌ಗಳನ್ನು ಮಾತ್ರ ಕೊಳ್ಳಬಹುದು, ಆದರೆ ಅವನ್ನು ಕೂರಿಸಲು ಹೈಡ್ರಾಲಿಕ್ ಪ್ರೆಸ್ ಬೇಕು. ಬಾಲ್ ಜಾಯಿಂಟೂ ಸವೆದಿದ್ದರೆ, ಬುಶ್ ಮತ್ತು ಜಾಯಿಂಟ್ ಕೂರಿಸಿಯೇ ಬರುವ ಇಡೀ ಆರ್ಮ್ ಕೊಳ್ಳುವುದು ಮನೆಯಲ್ಲಿ ಕೆಲಸ ಮಾಡುವವರಿಗೆ ಜಾಣತನ. ಸ್ಟ್ರಟ್ ಬದಲಿಸುವುದಾದರೆ ತಲೆಯ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ಕಂಬ ಪೂರ್ತಿ ಅದುಮಿದಾಗ ಬಡಿತ ತಡೆಯುವ ರಬ್ಬರ್ ತುಂಡು), ಧೂಳುಗವಸು ಇವನ್ನೂ ಜೊತೆಗೇ ತನ್ನಿ. ಅದೇ ಕಂಬವನ್ನು ಇನ್ನೊಮ್ಮೆ ಬಿಚ್ಚುವಷ್ಟು ಆಸೆ ಯಾರಿಗೂ ಇರುವುದಿಲ್ಲ. ನೈಲಾನ್ ಬಳೆಯಿರುವ ನಟ್‌ಗಳು ಮತ್ತು ಸ್ಪ್ಲಿಟ್ ಪಿನ್‌ಗಳು ಒಂದೇ ಬಳಕೆಗೆ, ಹೊಸವು ಬೇಕು.

ಸಲಕರಣೆಗಳಲ್ಲಿ ಸಾಮಾನ್ಯ ಸ್ಪ್ಯಾನರ್, ಸಾಕೆಟ್‌ಗಳ ಜೊತೆಗೆ ಉದ್ದ ಹಿಡಿಯ ಬ್ರೇಕರ್ ಬಾರ್, ಭಾರದ ಸುತ್ತಿಗೆ, ತಂತಿ ಬ್ರಶ್ ಮತ್ತು ಟಾರ್ಕ್ ವ್ರೆಂಚ್ ಇರಲಿ. ಟಾರ್ಕಿನ, ಅಂದರೆ ಎಷ್ಟು ಬಿಗಿಯಬೇಕೆಂಬ ಅಂಕಿಗಳನ್ನು ನಿಮ್ಮ ಕಾರಿನ ಸರ್ವೀಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ, ಇನ್ನೊಂದು ಕಾರಿನ ಅಂಕಿ ಇದಕ್ಕೆ ಆಗದು. ಹಿಂದಿನ ದಿನ ಸಂಜೆಯೇ ಎಲ್ಲ ನಟ್ ಬೋಲ್ಟುಗಳ ಎಳೆಗಳನ್ನು ಬ್ರಶ್ಶಿನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ರಾತ್ರಿಯಿಡೀ ಎಣ್ಣೆ ಮಾಡುವ ಕೆಲಸವನ್ನು ಬೆಳಿಗ್ಗೆ ತೋಳು ಮಾಡಲಾರದು.

ಲಿಂಕ್ ರಾಡ್

ಸುಲಭದ್ದರಿಂದ ಶುರು ಮಾಡೋಣ. ಆ ಆಕ್ಸಲಿನ ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಿ. ಒಂದನ್ನೇ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ಬಿಗಿದುಕೊಳ್ಳುತ್ತದೆ, ಬೋಲ್ಟು ಹೊರಬರುವುದಿಲ್ಲ. ನಟ್ ತಿರುಗಿಸುವಾಗ ಲಿಂಕಿನ ತುದಿಯ ಜಾಯಿಂಟಿನೊಳಗಿನ ಗುಂಡೂ ಜೊತೆಗೆ ತಿರುಗುತ್ತದೆ. ಅದಕ್ಕೆಂದೇ ಬೋಲ್ಟಿನ ತುದಿಯಲ್ಲಿ ಅಲೆನ್ ಕೀ ಹಾಕುವ ಕುಳಿಯೋ, ಟೊಪ್ಪಿಗೆಯ ಹಿಂದೆ ಸ್ಪ್ಯಾನರ್ ಹಿಡಿಯುವ ಚಪ್ಪಟೆ ಅಂಚೋ ಇರುತ್ತದೆ. ಕುಳಿಯಲ್ಲಿ ಕೆಸರು ಗಟ್ಟಿಯಾಗಿದ್ದರೆ ಮೊದಲು ಮೊಳೆಯಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಕೀ ಜಾರಿ ಕುಳಿ ದುಂಡಾಗುತ್ತದೆ. ದುಂಡಾದರೆ ಗ್ರೈಂಡರಿನಿಂದ ಕತ್ತರಿಸುವುದೇ ದಾರಿ. ಹೇಗಿದ್ದರೂ ಹಳೆಯದು ಗುಜರಿಗೆ ಹೋಗುವಂಥದ್ದು. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ ಹೋಲಿಸಿ, ಹಾಕಿ, ಬಿಗಿಯಿರಿ. ಇದಕ್ಕೆ ಅಲೈನ್‌ಮೆಂಟ್ ಬೇಕಾಗಿಲ್ಲ.

ಲೋವರ್ ಆರ್ಮ್

ಚಕ್ರ ಬಿಚ್ಚಿ, ಲಿಂಕ್ ರಾಡ್ ಆರ್ಮಿಗೆ ಜೋಡಣೆಯಾಗಿದ್ದರೆ ಕಳಚಿ. ಬಾಲ್ ಜಾಯಿಂಟ್ ನಕಲ್‌ಗೆ, ಅಂದರೆ ಚಕ್ರದ ಬೇರಿಂಗನ್ನು ಹೊತ್ತಿರುವ ಗಟ್ಟಿ ಲೋಹದ ತುಂಡಿಗೆ, ಎರಡು ರೀತಿಯಲ್ಲಿ ಕಚ್ಚಿಕೊಂಡಿರುತ್ತದೆ. ಒಂದು ಬಗೆಯಲ್ಲಿ ನಕಲಿನ ಸೀಳಿದ ಕಣ್ಣಿನೊಳಗೆ ಜಾಯಿಂಟಿನ ಕಾಂಡ ಕುಳಿತು, ಅಡ್ಡಲಾಗಿ ಒಂದು ಬೋಲ್ಟು ಹಾದುಹೋಗಿರುತ್ತದೆ. ಆ ಬೋಲ್ಟು ಕಾಂಡದ ಕಚ್ಚಿನೊಳಗೆ ಕೂತಿರುವುದರಿಂದ ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಆಮೇಲೆ ಸೀಳಿಗೆ ಉಳಿ ಕೊಟ್ಟು ಕೂದಲಷ್ಟು ಅಗಲಿಸಿ ಆರ್ಮನ್ನು ಕೆಳಕ್ಕೆ ಮೀಟಿದರೆ ಬರುತ್ತದೆ.

ಇನ್ನೊಂದು ಬಗೆಯಲ್ಲಿ ಕಾಂಡ ತುದಿಗೆ ಸಪೂರವಾಗುತ್ತಾ ಹೋಗಿ ಕಣ್ಣಿನೊಳಗೆ ಬೆಣೆಯಂತೆ ಬಿಗಿದಿರುತ್ತದೆ. ನಟ್ಟನ್ನು ಸಡಿಲಿಸಿ, ಎರಡು ಮೂರು ಎಳೆ ಉಳಿಸಿ ಬಿಡಿ, ಬಿಟ್ಟುಕೊಂಡಾಗ ಆರ್ಮ್ ಕಾಲ ಮೇಲೆ ಬೀಳದು. ನಂತರ ಸುತ್ತಿಗೆಯಿಂದ ಹೊಡೆಯಬೇಕಾದದ್ದು ಕಾಂಡಕ್ಕಲ್ಲ, ಅದು ಕೂತಿರುವ ನಕಲಿನ ಕಣ್ಣಿನ ಪಕ್ಕಕ್ಕೆ. ಎರಡು ಮೂರು ಖಚಿತ ಪೆಟ್ಟುಗಳಿಗೆ ಕಣ್ಣು ಕ್ಷಣಮಾತ್ರ ಹಿಗ್ಗಿ ಬೆಣೆ ಸಡಿಲವಾಗುತ್ತದೆ. ಕವಲು ಬೆಣೆ ತೂರಿಸಿ ಬಡಿಯುವ ಉಪಕರಣವೂ ಇದೆ, ಆದರೆ ಅದು ರಬ್ಬರ್ ಟೊಪ್ಪಿಗೆಯನ್ನು ಹರಿದುಬಿಡುತ್ತದೆ. ಎಸೆಯುವ ಜಾಯಿಂಟಿಗೆ ಮಾತ್ರ ಬಳಸಿ.

ಜಾಯಿಂಟ್ ಬಿಡಿಸಿಕೊಂಡ ಮೇಲೆ ನಕಲನ್ನು ಹೊರಕ್ಕೆ ಎಳೆದಾಡಬೇಡಿ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಕಳಚಿಕೊಂಡರೆ ಕೆಲಸ ಮೂರು ಪಟ್ಟಾಗುತ್ತದೆ. ಬುಶ್ ಬೋಲ್ಟುಗಳನ್ನು ತೆಗೆದು ಹಳೆಯ ಆರ್ಮ್ ಇಳಿಸಿ, ಹೊಸದನ್ನು ಕೂರಿಸಿ, ಬುಶ್ ಬೋಲ್ಟುಗಳನ್ನು ಕೈಬಿಗಿಯಷ್ಟೇ ಹಾಕಿ. ಜಾಯಿಂಟಿನ ನಟ್ ಬಿಗಿಯುವಾಗ ಕಾಂಡ ಸುಮ್ಮನೆ ತಿರುಗುತ್ತಿದ್ದರೆ ಆರ್ಮಿನ ಅಡಿಗೆ ಜಾಕ್ ಕೊಟ್ಟು ಒತ್ತಿ, ಬೆಣೆ ಕಚ್ಚಿಕೊಳ್ಳುತ್ತದೆ. ಸ್ಪ್ಲಿಟ್ ಪಿನ್ ಹಾಕುವ ನಟ್ ಆದರೆ ಹೇಳಿದ ಟಾರ್ಕಿಗೆ ಬಿಗಿದು, ರಂಧ್ರ ಹೊಂದದಿದ್ದರೆ ಇನ್ನಷ್ಟು ಮುಂದಕ್ಕೆ ತಿರುಗಿಸಿ ಹೊಂದಿಸಿ. ಹಿಂದಕ್ಕೆ ಸಡಿಲಿಸಿ ಹೊಂದಿಸುವುದು ಸಲ್ಲದು.

ಇನ್ನು, ಬುಶ್ ಬೋಲ್ಟುಗಳನ್ನು ಕೈಬಿಗಿಯಲ್ಲೇ ಬಿಟ್ಟದ್ದು ಏಕೆ? ಬುಶ್‌ನ ರಬ್ಬರ್ ಒಳಗಿನ ಮತ್ತು ಹೊರಗಿನ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ, ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ತೂಗುತ್ತಿರುವಾಗ, ಅಂದರೆ ಆರ್ಮ್ ಕೆಳಕ್ಕೆ ಜೋತಿರುವಾಗ ಬೋಲ್ಟ್ ಬಿಗಿದರೆ ರಬ್ಬರಿಗೆ ಅದೇ ನೆಮ್ಮದಿಯ ಸ್ಥಿತಿಯಾಗಿಬಿಡುತ್ತದೆ. ಕಾರು ನೆಲಕ್ಕಿಳಿದ ಮೇಲೆ ದಿನವಿಡೀ ಅದು ತಿರುಚಿಕೊಂಡೇ ಇರುತ್ತದೆ, ಪ್ರತಿ ಗುಂಡಿಯಲ್ಲೂ ಇನ್ನಷ್ಟು ತಿರುಚುತ್ತದೆ. ‘ಹೊಸ ಬುಶ್ ಆರು ತಿಂಗಳಿಗೇ ಹರಿಯಿತು, ಮಾಲು ಸರಿಯಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಮಾಲಿನದಲ್ಲ, ಬಿಗಿದವರ ಅವಸರದ್ದು.

ಸರಿಯಾದ ಕ್ರಮ ಇದು: ಆರ್ಮಿನ ಹೊರತುದಿಯ ಅಡಿಗೆ ಜಾಕ್ ಕೊಟ್ಟು, ಚಕ್ರದ ನಡುವಿನಿಂದ ಕಮಾನಿನ ಅಂಚಿಗೆ ನೀವು ಬರೆದಿಟ್ಟ ಅಳತೆ ಬರುವವರೆಗೆ ಮೇಲಕ್ಕೆತ್ತಿ. ಚೀಟಿ ಕಳೆಯಬೇಡಿ ಎಂದದ್ದು ಇದಕ್ಕೇ. ಎತ್ತುತ್ತಾ ಕಾರು ಸ್ಟ್ಯಾಂಡಿನಿಂದ ಮೇಲೇಳದಂತೆ ನೋಡಿಕೊಳ್ಳಿ. ಆ ಎತ್ತರದಲ್ಲಿ ಬುಶ್ ಬೋಲ್ಟುಗಳನ್ನು ಪೂರ್ತಿ ಟಾರ್ಕಿಗೆ ಬಿಗಿಯಿರಿ. ಕಾರನ್ನು ರ‍್ಯಾಂಪಿನ ಮೇಲೆ ಹತ್ತಿಸಿ, ಚಕ್ರಗಳ ಮೇಲೆ ಭಾರ ಇರುವಾಗ ಬಿಗಿಯಲು ಸಾಧ್ಯವಾದರೆ ಇನ್ನೂ ಉತ್ತಮ.

ಸ್ಟ್ರಟ್: ಇಲ್ಲಿ ಆತುರ ಬೇಡ

ಈ ಕೆಲಸದ ಅಪಾಯವೆಲ್ಲ ಸ್ಪ್ರಿಂಗಿನೊಳಗೆ ಸುರುಳಿ ಸುತ್ತಿಕೊಂಡಿದೆ. ಸ್ಟ್ರಟ್ಟಿನ ತಲೆಯ ನಡುವಿನ ದೊಡ್ಡ ನಟ್ ಒಂದೇ ಆ ಶಕ್ತಿಯನ್ನು ಹಿಡಿದಿಟ್ಟಿರುವುದು. ಸ್ಪ್ರಿಂಗನ್ನು ಅದುಮದೆ ಆ ನಟ್ ತೆಗೆದರೆ ಮೌಂಟ್ ಗುಂಡಿನಂತೆ ಹಾರುತ್ತದೆ; ಜೀವ ಹೋದದ್ದೂ ಉಂಟು. ಮೊದಲ ಸಲ ಮಾಡುವವರಿಗೆ ನನ್ನ ನೇರ ಸಲಹೆ: ಸ್ಟ್ರಟ್ಟನ್ನು ನೀವೇ ಕಳಚಿ, ಸ್ಪ್ರಿಂಗ್ ಬದಲಿಸುವಷ್ಟು ಕೆಲಸವನ್ನು ಸ್ಪ್ರಿಂಗ್ ಅದುಮುವ ಕಂಪ್ರೆಸರನ್ನು ಗೋಡೆಗೆ ಕೂರಿಸಿರುವ ವರ್ಕ್‌ಶಾಪಿನಲ್ಲಿ ಮಾಡಿಸಿ, ಮತ್ತೆ ನೀವೇ ಕೂರಿಸಿ. ನಿಮ್ಮ ಕಾರಿಗೆ ಪೂರ್ತಿ ಜೋಡಿಸಿದ ಸ್ಟ್ರಟ್ ಸಿಗುವುದಾದರೆ ಆ ತೊಡಕೂ ಇಲ್ಲ.

1. ಸ್ಟ್ರಟ್ಟಿಗೆ ಅಂಟಿಕೊಂಡಿರುವ ಬ್ರೇಕ್ ಹೋಸಿನ ಕ್ಲಿಪ್, ಎಬಿಎಸ್ ತಂತಿ, ಲಿಂಕ್ ರಾಡ್ ಇವನ್ನು ಬಿಡಿಸಿ.

2. ಸ್ಟ್ರಟ್ಟನ್ನು ನಕಲಿಗೆ ಜೋಡಿಸುವ ಎರಡು ಬೋಲ್ಟುಗಳ ಸುತ್ತ ಬಣ್ಣದಿಂದಲೋ ಚೂಪು ಮೊನೆಯಿಂದಲೋ ಗುರುತು ಹಾಕಿ. ಚಕ್ರದ ಕೋನ ಇಲ್ಲೇ ನಿಗದಿಯಾಗಿರುತ್ತದೆ.

3. ನಕಲನ್ನು ತಂತಿಯಿಂದ ಕಟ್ಟಿ, ಇಲ್ಲವೇ ಅಡಿಗೆ ಜಾಕ್ ಆಸರೆ ಕೊಟ್ಟು, ಆ ಬೋಲ್ಟುಗಳನ್ನು ತೆಗೆಯಿರಿ. ನಕಲ್ ಹೊರಕ್ಕೆ ವಾಲಿ ಬ್ರೇಕ್ ಹೋಸಿಗೆ ಜೋತುಬೀಳಬಾರದು.

4. ಬಾನೆಟ್ ಎತ್ತಿ ಮೌಂಟಿನ ಅಂಚಿನ ಎರಡು ಅಥವಾ ಮೂರು ಸಣ್ಣ ನಟ್‌ಗಳನ್ನು ತೆಗೆಯಿರಿ. ನಡುವಿನ ನಟ್ ಮುಟ್ಟಬೇಡಿ. ಕೊನೆಯ ನಟ್ ತೆಗೆಯುವಾಗ ಇನ್ನೊಂದು ಕೈ ಸ್ಟ್ರಟ್ಟಿನ ಮೇಲಿರಲಿ.

5. ನೀವೇ ಸ್ಪ್ರಿಂಗ್ ಅದುಮುವುದಾದರೆ ಎರಡು ಕಂಪ್ರೆಸರುಗಳನ್ನು ಎದುರುಬದುರಾಗಿ, ಆದಷ್ಟು ಹೆಚ್ಚು ಸುರುಳಿಗಳು ಸೇರುವಂತೆ ಹಾಕಿ. ಒಂದನ್ನು ಒಂದೆರಡು ಸುತ್ತು, ಇನ್ನೊಂದನ್ನು ಅಷ್ಟೇ, ಹೀಗೆ ಸರದಿಯಲ್ಲಿ ಕೈಯಿಂದಲೇ ಬಿಗಿಯಿರಿ. ಏರ್ ಗನ್ ಬೇಡ. ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸಡಿಲವಾಗಿ ತಿರುಗತೊಡಗಿದ ಮೇಲಷ್ಟೇ ನಡುವಿನ ನಟ್. ಕಂಬದ ಎರಡೂ ತುದಿಗಳ ನೇರಕ್ಕೆ ಮುಖವಾಗಲಿ ಮೈಯಾಗಲಿ ಇರಬಾರದು.

6. ಹೊಸ ಶಾಕನ್ನು ನೇರವಾಗಿ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ, ಪೂರ್ತಿ ಎಳೆಯಿರಿ. ಮಲಗಿಸಿಟ್ಟಿದ್ದಾಗ ಒಳಗೆ ಸೇರಿದ ಗಾಳಿ ಹೊರಹೋಗುತ್ತದೆ. ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿಯಬೇಡಿ. ಅದರ ಮೇಲಿನ ಒಂದು ಗೀರು ಸೀಲನ್ನು ಕೊಯ್ಯುತ್ತದೆ.

7. ಸ್ಪ್ರಿಂಗಿನ ಕೆಳತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು. ಹೊಸ ಬಂಪ್ ಸ್ಟಾಪ್, ಧೂಳುಗವಸು, ಬೇರಿಂಗ್, ಮೌಂಟ್ ಹಾಕಿ ನಡುವಿನ ನಟ್ಟನ್ನು ಪೂರ್ತಿ ಬಿಗಿದ ಮೇಲೆ ಕಂಪ್ರೆಸರುಗಳನ್ನು ಸರದಿಯಲ್ಲಿ ಸಡಿಲಿಸಿ.

8. ಮೇಲಿನ ನಟ್‌ಗಳನ್ನು ಕೈಯಲ್ಲಿ ಹಾಕಿ, ಕೆಳಗಿನ ಬೋಲ್ಟುಗಳನ್ನು ಹಳೆಯ ಗುರುತಿಗೆ ತಂದು ಎಲ್ಲವನ್ನೂ ಟಾರ್ಕಿಗೆ ಬಿಗಿಯಿರಿ.

ಹಿಂದಿನ ಶಾಕ್ ಬಿಡಿಯಾಗಿದ್ದರೆ ಕೆಲಸ ಹಗುರ. ಎಚ್ಚರ ಬೇಕಾದದ್ದು ಒಂದೇ ಕಡೆ: ಎಷ್ಟೋ ಕಾರುಗಳಲ್ಲಿ ಆಕ್ಸಲ್ ಹೆಚ್ಚು ಕೆಳಗೆ ಜೋತುಬೀಳದಂತೆ ಹಿಡಿದಿರುವುದೂ ಶಾಕೇ. ಆಕ್ಸಲಿಗೆ ಜಾಕ್ ಆಸರೆ ಕೊಡದೆ ಕೆಳಬೋಲ್ಟು ತೆಗೆಯಬೇಡಿ, ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಲೂ ಬೇಡಿ. ಟೈ ರಾಡ್ ಎಂಡ್ ಬದಲಿಸುವಾಗ ಹಳೆಯದು ಎಷ್ಟು ಸುತ್ತು ತಿರುಗಿ ಹೊರಬಂತು ಎಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ತಿರುಗಿಸಿ ಕೂರಿಸಿ. ಅಲೈನ್‌ಮೆಂಟ್ ಅಂಗಡಿಯವರೆಗೆ ನೇರವಾಗಿ ಹೋಗಲು ಅಷ್ಟು ಸಾಕು.

ನೆಲಕ್ಕಿಳಿಸಿದ ಮೇಲೆ

ಚಕ್ರದ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿದು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಎರಡು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ ನೋಡಿ. ಕೆಲಸಕ್ಕೆ ಮುಂಚೆ ಇಲ್ಲದ ಹೊಸ ಸದ್ದು ಕೇಳಿಸಿದರೆ ಅದು ನೀವೇ ಬಿಗಿಯಲು ಮರೆತ ಬೋಲ್ಟು. ಬೇರೆ ಸಿದ್ಧಾಂತ ಹುಡುಕದೆ ಮತ್ತೆ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬನ್ನಿ. ಆರ್ಮ್, ಸ್ಟ್ರಟ್, ಸ್ಪ್ರಿಂಗ್, ಟೈ ರಾಡ್ ಎಂಡ್ ಯಾವುದನ್ನು ಬದಲಿಸಿದ್ದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಹೊಸ ಸ್ಪ್ರಿಂಗ್ ಹಾಕಿದ್ದರೆ ಅದು ಕೂರಲು ಕೆಲವು ದಿನ ಬಿಟ್ಟು ಮಾಡಿಸಿ, ಟೈ ರಾಡ್ ಎಂಡ್ ಆದರೆ ಅದೇ ದಿನ. ಸುಮಾರು 100 ಕಿಲೋಮೀಟರ್ ಓಡಿದ ನಂತರ ಚಕ್ರದ ನಟ್‌ಗಳಿಗೂ ಮುಟ್ಟಿದ ಪ್ರತಿಯೊಂದು ಬೋಲ್ಟಿಗೂ ಮತ್ತೊಮ್ಮೆ ಟಾರ್ಕ್ ವ್ರೆಂಚ್ ಹಚ್ಚಿ, ನಾಲ್ಕೂ ಮೂಲೆಯ ಎತ್ತರ ಅಳೆದು ಹಳೆಯ ಚೀಟಿಯ ಪಕ್ಕದಲ್ಲೇ ತಾರೀಖು ಹಾಕಿ ಬರೆದಿಡಿ.